ಶಿಕ್ಷಕರ ಕಾಯಕಕ್ಕೂ ಬೇಕು ಒರೆಗಲ್ಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಶಿಕ್ಷಕರಿಗೆ ‘ಕ್ರಿಯಾ ಸಂಶೋಧನೆ’ ಹೊಸ ಮಾತಲ್ಲ. ಬಿ.ಇಡಿ. ಓದುವಾಗಲೇ ಅದನ್ನು ಕೇಳಿರುತ್ತಾರೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ಡಯಟ್‌ಗಳಿಗೆ ಒಪ್ಪಿಸಿದ ಕೆಲಸಗಳಲ್ಲಿ ಅದೂ ಒಂದು. ಮಧುಗಿರಿಯಲ್ಲೂ ಡಯಟ್ ಇದೆ. ಆದರೆ ಅದು ಒಪ್ಪಿಸಿ ಮುಗಿಸುವ ವರದಿಯಾದರೆ ಮಕ್ಕಳಿಗೆ ಏನೂ ದಕ್ಕುವುದಿಲ್ಲ.

ಯೋಜಿಸು, ಮಾಡು, ಫಲ ನೋಡು, ತಿದ್ದಿ ಮತ್ತೆ ಮಾಡು ಎಂಬ ಈ ಸುತ್ತನ್ನು ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲಿ ಇದೇ ಹೆಸರಿನಿಂದ ವಿವರಿಸಿದರು. ಇದಕ್ಕೆ ದೊಡ್ಡ ವಿಷಯ ಬೇಕಿಲ್ಲ. ಪಾವಗಡದ ಗಡಿ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು. ನಾಲ್ಕನೇ ತರಗತಿಯ ಮಗು ಅಂಕಿಗಳಲ್ಲಿ ಕೊಟ್ಟ ಕಳೆಯುವ ಲೆಕ್ಕ ಮಾಡುತ್ತದೆ, ವಾಕ್ಯರೂಪದಲ್ಲಿ ಕೊಟ್ಟರೆ ಬಿಡುತ್ತದೆ ಎನ್ನೋಣ. ತೊಡಕು ಗಣಿತದ್ದೋ, ಕನ್ನಡದ್ದೋ? ಅದೇ ಲೆಕ್ಕವನ್ನು ತೆಲುಗಿನಲ್ಲಿ ಹೇಳಿ ನೋಡಿದರೆ ತಿಳಿಯುತ್ತದೆ. ಭಾಷೆಯೇ ತೊಡಕಾದರೆ, ಎರಡು ವಾರ ಮೊದಲು ಮನೆಮಾತಿನಲ್ಲಿ ಲೆಕ್ಕದ ಕತೆ ಹೇಳಿಸಿ, ನಂತರ ಕನ್ನಡದಲ್ಲಿ ಓದಿಸಿ, ಹೊಸ ಲೆಕ್ಕಗಳನ್ನು ಕೊಟ್ಟು ಅಳೆಯಬೇಕು. ಆ ಮಗುವನ್ನು ದಡ್ಡ ಎನ್ನುವ ಮೊದಲು ಇಷ್ಟಾದರೂ ನಡೆಯಬೇಡವೇ?

ನಾನು ಸರ್ಕಾರದಲ್ಲಿ ಎಂಜಿನಿಯರ್ ಆಗಿದ್ದವನು. ಕಾಂಕ್ರೀಟಿನ ಕ್ಯೂಬುಗಳನ್ನು 7ನೇ ದಿನವೂ 28ನೇ ದಿನವೂ ಒಡೆದು ನೋಡುವುದು ನಮ್ಮ ಪದ್ಧತಿ. 7ನೇ ದಿನದ ಫಲ ಕಡಿಮೆ ಬಂದರೆ ಮುಂದಿನ ಮಿಶ್ರಣವನ್ನು ಆಗಲೇ ತಿದ್ದಬಹುದು. ಯಾವ ಕ್ಯೂಬೂ ಎಂದೂ ಸೋಲದ ವರದಿ ಕಂಡರೆ ನಮಗೆ ಅನುಮಾನವೇ ಹೆಚ್ಚು. ಹಾಗೆಯೇ, ಪ್ರತಿ ಪ್ರಯೋಗವೂ ಗೆದ್ದಿತೆಂದು ಬರೆಯುವ ಕ್ರಿಯಾ ಸಂಶೋಧನೆಯನ್ನು ನಾನು ನಂಬಲಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ನಮ್ಮ 28ನೇ ದಿನದ ಪರೀಕ್ಷೆಯಂತೆ. ತಿದ್ದುವ ಕಾಲ ಅಷ್ಟರಲ್ಲಿ ಮೀರಿರುತ್ತದೆ.

ಶರಣರಿಗೆ ಈ ಒರೆಗಲ್ಲು ಗೊತ್ತಿತ್ತು. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹಿಂದಕ್ಕೆ ಸುರಿದು ಬನ್ನಿ ಎಂದವಳು ಜೊತೆಯಲ್ಲೇ ಬದುಕುತ್ತಿದ್ದ ಲಕ್ಕಮ್ಮ. ಮೇಲಿನಿಂದ ಬಂದ ತಪಾಸಣಾಧಿಕಾರಿಯಲ್ಲ. ಮಾರಯ್ಯ ಅದನ್ನು ಅವಮಾನವೆಂದು ತಿಳಿಯಲಿಲ್ಲ. ಅನುಭವ ಮಂಟಪದಲ್ಲಿಯೂ ಒಬ್ಬರ ಅನುಭಾವವನ್ನು ಮತ್ತೊಬ್ಬರು ಪ್ರಶ್ನಿಸಬಹುದಿತ್ತು.

ನಮ್ಮ ಶಿಕ್ಷಕರಿಗೆ ಇದು ಆಗದ ಕೆಲಸವೇನಲ್ಲ. ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿಯ ಪದ್ಧತಿಯನ್ನು ಕಂಡು, ತಮ್ಮ ಮಕ್ಕಳಿಗೆ ತಕ್ಕಂತೆ ತಾವೇ ಕಾರ್ಡುಗಳನ್ನು ರೂಪಿಸಿ 1995ರಲ್ಲಿ ಆರಂಭಿಸಿದ ನಲಿ-ಕಲಿ ಮುಂದೆ ಇಡೀ ರಾಜ್ಯಕ್ಕೆ ಹರಡಿತು.

ನಮ್ಮ ಮಠಗಳು ಶಾಲೆಗಳಿಗೆ ಕಟ್ಟಡ ಕೊಟ್ಟಿವೆ, ಮಕ್ಕಳಿಗೆ ಅನ್ನ ಕೊಟ್ಟಿವೆ. ಈಗ ಶಿಕ್ಷಕರಿಗೆ ತಿಂಗಳಿಗೆ ಎರಡು ಗಂಟೆಯ ನಿರ್ಭಯ ಕೊಡಲಿ. ಆಡಳಿತ ಮಂಡಳಿಯವರು ಆ ಸಭೆಯಿಂದ ದೂರವಿರಲಿ. ‘ಈ ಪಾಠ ಹೀಗೆ ಮಾಡಿದೆ, ಮಕ್ಕಳಿಗೆ ಹತ್ತಲಿಲ್ಲ’ ಎಂದು ಒಬ್ಬರು ಹೇಳಲಿ. ಉಳಿದವರು ದಾರಿ ಹುಡುಕಲಿ. ಹಾಗೆ ಹೇಳಿದ್ದಕ್ಕೆ ತಾತ್ಕಾಲಿಕ ಶಿಕ್ಷಕಿಯೊಬ್ಬರ ಕೆಲಸಕ್ಕೆ ಕುತ್ತು ಬರುವುದಾದರೆ ಅಲ್ಲಿ ಸಂಶೋಧನೆ ಉಳಿಯದು, ಬರೀ ವರದಿ ಉಳಿಯುತ್ತದೆ. ವಿದ್ಯಾದಾಸೋಹ ಎನ್ನುವ ನಾವು, ಬಡಿಸಿದ್ದು ಮಗುವಿನ ಹೊಟ್ಟೆ ಸೇರಿತೇ ಎಂದು ನೋಡುವ ಹೊಣೆಯನ್ನೂ ಹೊರಬೇಕು.