ಏಜೆಂಟನಿಗೆ ನೆಲೆ ಎಲ್ಲಿ?

ಮರಿಯಮ್ಮನಹಳ್ಳಿಗಾಗಲಿ, ಹೊಸಪೇಟೆ, ಕಂಪ್ಲಿ, ಸಂಡೂರುಗಳ ಪೇಟೆಗಾಗಲಿ ಗಿರಣಿಯ ಮಾಲು ತಾನಾಗಿ ನಡೆದು ಬರುವುದಿಲ್ಲ. ಸ್ಯಾಂಪಲ್ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿಳಿಯುವ ಕಮಿಷನ್ ಏಜೆಂಟನೇ ಅದಕ್ಕೆ ಗಿರಾಕಿ ಹುಡುಕುತ್ತಾನೆ. ಅವನನ್ನು ಕೂಲಿಕಾರನೆನ್ನೋಣವೆಂದರೆ ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲ. ವರ್ತಕನೆನ್ನೋಣವೆಂದರೆ ಮಾಲು ಅವನದಲ್ಲ.

ಕಾಯಿದೆಯ ಕಣ್ಣಿನಲ್ಲಿ ಅವನು ಯಾರು? 1872ರ ಭಾರತೀಯ ಕರಾರು ಕಾಯಿದೆಯ 182ನೆಯ ಕಲಮಿನಂತೆ, ಧಣಿಯ ಪರವಾಗಿ ಮೂರನೆಯವರೊಡನೆ ವ್ಯವಹರಿಸುವವನು ಏಜೆಂಟ್. ಅವನು ಧಣಿಯ ಸೂಚನೆಯಂತೆ ನಡೆಯಬೇಕು. ಕೇಳಿದಾಗ ಲೆಕ್ಕ ಒಪ್ಪಿಸಬೇಕು. ಧಣಿಗೆ ತಿಳಿಸದೆ ಸ್ವಂತಕ್ಕೆ ವ್ಯವಹಾರ ಮಾಡಿ ಗಳಿಸಿದ ಲಾಭವನ್ನು ಬಿಟ್ಟುಕೊಡಬೇಕು. ಇದು ನ್ಯಾಯವೇ. ಆದರೆ ಅದೇ ಕಾಯಿದೆ ಕೊಟ್ಟ ಹಕ್ಕು ಎಷ್ಟು ಮಂದಿಗೆ ಗೊತ್ತು? ತನಗೆ ಸಲ್ಲಬೇಕಾದ ಕಮಿಷನ್ನನ್ನು ವಸೂಲಾದ ಹಣದಲ್ಲಿ ಹಿಡಿದುಕೊಳ್ಳಲು 217ನೆಯ ಕಲಮು ಅವಕಾಶ ಕೊಡುತ್ತದೆ. ಜಾಮೀನು ಬರೆದುಕೊಡದ, ಎಚ್ಚರ ತಪ್ಪದ ಏಜೆಂಟನ ತಲೆಗೆ ಅಂಗಡಿಯವನ ಬಾಕಿಯನ್ನು ಕಟ್ಟುವುದು ಸಲ್ಲದು.

ನಿಜವಾದ ಅನ್ಯಾಯ ನಡೆಯುವುದು ಏಜೆನ್ಸಿ ಕಿತ್ತುಕೊಳ್ಳುವಾಗ. ವರ್ಷಗಟ್ಟಲೆ ಅಲೆದು ಗಿರಾಕಿಗಳನ್ನು ಕೂಡಿಸಿದವನು ಒಬ್ಬ. ವ್ಯಾಪಾರ ಕುದುರಿದ ಮೇಲೆ ಧಣಿ ಕಳಿಸುವುದು ತನ್ನ ಅಳಿಯನನ್ನು! ಗೊತ್ತಾದ ಅವಧಿಗೆ ಮುಂಚೆ ಸಕಾರಣವಿಲ್ಲದೆ ತೆಗೆದರೆ ಪರಿಹಾರ, ತೆಗೆಯುವ ಮುನ್ನ ಯುಕ್ತವಾದ ನೋಟೀಸು ಎಂದು 205, 206ನೆಯ ಕಲಮುಗಳು ಹೇಳುತ್ತವೆ. ಅಲ್ಲಿಗೆ ಮುಗಿಯಿತು. 1990ರಲ್ಲಿ ಇಂಡಿಯನ್ ಆಯಿಲ್ ಕಾರ್ಪೊರೇಷನ್ ಮತ್ತು ಅಮೃತಸರದ ಗ್ಯಾಸ್ ವಿತರಕರ ಮೊಕದ್ದಮೆಯಲ್ಲಿ, 30 ದಿನಗಳ ನೋಟೀಸಿನಿಂದ ರದ್ದುಮಾಡಬಹುದಾದ ಕರಾರಿಗೆ ಆ 30 ದಿನಗಳ ಗಳಿಕೆಯಷ್ಟೇ ಪರಿಹಾರವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕಟ್ಟಿ ಬೆಳೆಸಿದ ಗಿರಾಕಿಗೆ ಬೆಲೆ ಬರಲಿಲ್ಲ.

ಯೂರೋಪಿನ ರಾಷ್ಟ್ರಗಳು 1986ರಲ್ಲೇ ಸ್ವತಂತ್ರ ಏಜೆಂಟರಿಗಾಗಿ ನಿಯಮ ಮಾಡಿದವು. ಮೊದಲ ವರ್ಷದಲ್ಲಿ ಕನಿಷ್ಠ 1 ತಿಂಗಳು, ಎರಡನೆಯದರಲ್ಲಿ 2, ಮೂರನೆಯದರಿಂದ 3 ತಿಂಗಳ ನೋಟೀಸು. ತಪ್ಪಿಲ್ಲದೆ ಏಜೆನ್ಸಿ ಕಳೆದುಕೊಂಡವನಿಗೆ ಪರಿಹಾರ. ಬಂಡವಾಳದ ನಾಡುಗಳೇ ಒಪ್ಪಿದ ಮಾತನ್ನು, ಸಮಾಜವಾದವನ್ನು ಸಂವಿಧಾನದ ಪೀಠಿಕೆಯಲ್ಲಿ ಬರೆದುಕೊಂಡ ನಾವು ಒಪ್ಪಲು ಏನಡ್ಡಿ?

ಗಿರಣಿಯ ಕೆಲಸಗಾರ ಮಿತ್ರರು ಇದು ತಮ್ಮ ಗೋಳಲ್ಲವೆಂದು ಸುಮ್ಮನಿರಬಾರದು. ಸಂಬಳದಾಳನ್ನು ತೆಗೆದು, ಅವನಿಗೇ ಏಜೆಂಟನೆಂಬ ಹೆಸರಿಟ್ಟರೆ ಧಣಿಗೆ ಪ್ರಾವಿಡೆಂಟ್ ಫಂಡೂ ಇಲ್ಲ, ಬೋನಸೂ ಇಲ್ಲ. ಸಣ್ಣ ವರ್ತಕ ಬಂಧುಗಳು ಬಾಯಿಮಾತಿನ ಏಜೆನ್ಸಿಯನ್ನು ಇನ್ನು ಬಿಡಬೇಕು. ಕಮಿಷನ್ನಿನ ದರ, ನೋಟೀಸಿನ ಅವಧಿ, ಬಾಕಿಯ ಹೊಣೆ, ಈ ಮೂರನ್ನೂ ಕಾಗದದ ಮೇಲೆ ಬರೆಸಿಕೊಳ್ಳಿರಿ. ಮೂರು ತಿಂಗಳ ನೋಟೀಸು ಮತ್ತು ನ್ಯಾಯವಾದ ಪರಿಹಾರವನ್ನು ಕಾಯಿದೆಯಲ್ಲೇ ಸೇರಿಸುವಂತೆ ಒಟ್ಟಾಗಿ ಒತ್ತಾಯಿಸೋಣ. ಬೆವರು ಸುರಿಸಿದವನಿಗೆ ಫಲದಲ್ಲಿ ಪಾಲು ಸಿಗಲೇಬೇಕು.