ಗಿಣಿಮರಿಯ ತೊದಲು ಯಾರದು?

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಒಬ್ಬಳು ಶುಕಭಾಷಿಣಿ. ಕೈಮೇಲೆ ಗಿಣಿ ಕೂತಿದೆ, ಅವಳು ಅದರೊಂದಿಗೆ ಮಾತಿಗಿಳಿದಿದ್ದಾಳೆ. ದೇಗುಲದ ಪ್ರತಿಷ್ಠೆಯಾದದ್ದು 1117ರಲ್ಲಿ. ಹಾಸನ ಜಿಲ್ಲೆಗೆ ಗಿಣಿಯ ಮಾತಿನ ಮೋಹ ಎಷ್ಟು ಹಳೆಯದು ಎನ್ನುವುದಕ್ಕೆ ಆ ಕಲ್ಲೊಂದೇ ಸಾಕು. ಆದರೆ ಶಿಲ್ಪಿ ಅಲ್ಲಿ ಪಂಜರ ಕೆತ್ತಿಲ್ಲ.

ಪಂಜರ ನೋಡಬೇಕೆಂದರೆ ಊರೊಳಗೆ ಬರಬೇಕು. ಹೊಳೆನರಸೀಪುರದ ಓಣಿಗಳಲ್ಲಿ, ಅರಕಲಗೂಡು ಸೀಮೆಯ ಜಗುಲಿಗಳಲ್ಲಿ, ಚನ್ನರಾಯಪಟ್ಟಣದ ತೋಟದ ಮನೆಗಳ ಸೂರಿನಡಿ ಒಂದು ಕಬ್ಬಿಣದ ಪಂಜರ, ಅದರೊಳಗೆ ಅರ್ಧ ತಿಂದ ಹಸಿಮೆಣಸಿನಕಾಯಿ ಇಂದಿಗೂ ಕಣ್ಣಿಗೆ ಬೀಳುತ್ತವೆ. ಮನೆಯವರು ಪ್ರೀತಿಯಿಂದಲೇ ಸಾಕುತ್ತಾರೆ. ‘ಊಟ ಆಯ್ತಾ?’ ಎಂದು ಕಲಿಸುತ್ತಾರೆ. ‘ಮರಿಯಾಗಿದ್ದಾಗಲೇ ತಂದರೆ ಮಾತು ಹತ್ತುತ್ತೆ’ ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಅದು ಸುಳ್ಳಲ್ಲ. ಮರಿಗಳಿಗೆ ಗಂಡಾಂತರ ಬಂದಿರುವುದೇ ಆ ನಿಜದಿಂದ.

ನಮ್ಮ ಕಡೆ ಗಿಣಿಗಳು ಗೂಡು ಹಿಡಿಯುವುದು ಚಳಿ ಹಿಂದೆ ಸರಿದು ಬಿಸಿಲು ಬಲಿಯುವ ತಿಂಗಳುಗಳಲ್ಲಿ. ಕೊರಳಲ್ಲಿ ಗುಲಾಬಿ ಪಟ್ಟಿಯ ಸಾಮಾನ್ಯ ಗಿಣಿಗೆ ಮರದ ಪೊಟರೆಯೇ ಮನೆ. ಮರಕುಟಿಗ ಕೊರೆದು ಬಿಟ್ಟ ತೂತಾದರೂ ಸರಿ, ಹಳೆಯ ಗೋಡೆಯ ಬಿರುಕಾದರೂ ಸರಿ. ಸುಳಿ ಕೊಳೆತು ಮೊಂಡಾಗಿ ನಿಂತ ತೆಂಗಿನಮರ ರೈತನಿಗೆ ನಷ್ಟ, ಗಿಣಿಗೆ ಅರಮನೆ. ಅಲ್ಲಿ ನಾಲ್ಕೈದು ಮೊಟ್ಟೆ, ಮೂರು ವಾರಕ್ಕಿಂತ ತುಸು ಹೆಚ್ಚು ಕಾವು. ಆಮೇಲೆ ಕಣ್ಣು ಬಿಡದ, ಪುಕ್ಕವಿಲ್ಲದ ಮರಿಗಳು. ಅವು ಗೂಡು ಬಿಟ್ಟು ಹಾರಲು ಇನ್ನೂ ಆರೇಳು ವಾರ ಬೇಕು. ಮರಿ ಕೀಳುವವನು ಏಣಿ ಹಾಕುವುದು ಈ ಆರೇಳು ವಾರದೊಳಗೆ.

ಆ ಕತ್ತಲ ಪೊಟರೆಯಲ್ಲಿ ಮರಿ ಉಂಡು ಮಲಗುವುದಷ್ಟೇ ಮಾಡುತ್ತದೆಂದು ಎಣಿಸುವುದು ತಪ್ಪು. ವೆನೆಜುವೆಲಾದಲ್ಲಿ ಕಾರ್ಲ್ ಬರ್ಗ್ ಎಂಬ ವಿಜ್ಞಾನಿ ಅಂಗೈಯಗಲದ ಪುಟ್ಟ ಕಾಡುಗಿಣಿಗಳ ಗೂಡುಗಳಲ್ಲಿ ಕ್ಯಾಮೆರಾ, ಮೈಕ್ ಇಟ್ಟು ವರ್ಷಗಟ್ಟಲೆ ಕಿವಿಗೊಟ್ಟರು. ಅಲ್ಲಿ ಪ್ರತಿ ಮರಿಗೂ ತನ್ನದೇ ಒಂದು ಕೂಗು ಇತ್ತು, ಹೆಚ್ಚುಕಡಿಮೆ ಹೆಸರಿನಂತೆ. ಅದು ರಕ್ತದಲ್ಲಿ ಬಂದದ್ದೋ ಕಲಿತದ್ದೋ ಎಂದು ತಿಳಿಯಲು ಒಂದು ಗೂಡಿನ ಮೊಟ್ಟೆಗಳನ್ನು ಇನ್ನೊಂದಕ್ಕೆ ಬದಲಾಯಿಸಿದರು. ಮರಿಗಳ ಕೂಗು ಹೆತ್ತವರದ್ದನ್ನಲ್ಲ, ಸಾಕಿದವರದ್ದನ್ನು ಹೋಲಿತು. 2011ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಮರಿ ಬಾಯಿ ತೆರೆಯುವ ಮೊದಲೇ ತಾಯಿತಂದೆ ಅದನ್ನು ಕರೆಯತೊಡಗಿರುತ್ತಾರೆ. 2022ರಲ್ಲಿ ಅದೇ ಹಕ್ಕಿಗಳ ಬಗ್ಗೆ ಇನ್ನೊಂದು ವರದಿ ಬಂತು. ಮರಿಗಳು ಮನುಷ್ಯನ ಕೂಸಿನಂತೆ ತೊದಲುತ್ತವೆ. ಯಾರನ್ನೂ ಕರೆಯಲಲ್ಲ, ಏನನ್ನೂ ಬೇಡಲಲ್ಲ. ಒಡಹುಟ್ಟಿದವು ನಿದ್ದೆಹೋಗಿರುವಾಗಲೂ ತಮ್ಮಷ್ಟಕ್ಕೆ ತಾವು ಸದ್ದುಗಳನ್ನು ಜೋಡಿಸಿ, ಕಳಚಿ, ಮತ್ತೆ ಜೋಡಿಸುತ್ತವೆ. ಒತ್ತಡದ ಹಾರ್ಮೋನನ್ನು ತುಸು ಕೊಟ್ಟಾಗ ಆ ತೊದಲಿನ ಬಗೆಯೇ ಬದಲಾಯಿತಂತೆ.

ತೊಟ್ಟಿಲ ಕೂಸು ‘ತಾ ತಾ’ ಎಂದು ಗುನುಗುವುದನ್ನು ಕೇಳಿದ ಯಾವ ಅಜ್ಜಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೊಟರೆಯಿಂದ ಕಿತ್ತು ತಂದ ಮರಿ ಈ ತೊದಲನ್ನು ಮನೆಯೊಳಗೆ ಮುಂದುವರಿಸುತ್ತದೆ. ಮೊದಲು ಗೊಣಗು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಣ್ಣು ಅರೆಮುಚ್ಚಿ ಏನೋ ಒಂದನ್ನು ಮೆಲುಕು ಹಾಕುತ್ತಿರುತ್ತದೆ, ಪದವಿಲ್ಲ, ರಾಗ ಮಾತ್ರ. ತಿಂಗಳುಗಳು ಕಳೆದಂತೆ ಆ ರಾಗದೊಳಗೆ ಮನೆಯವರ ದನಿಯ ಏರಿಳಿತ ಕಾಣಿಸುತ್ತದೆ. ಆಮೇಲೆ ಒಂದು ದಿನ ‘ಅಮ್ಮ’. ತುಟಿಯೇ ಇಲ್ಲದ ಹಕ್ಕಿ ಅಷ್ಟು ಹತ್ತಿರದ ‘ಮ’ಕಾರ ಹೊರಡಿಸುವುದು ಸಣ್ಣ ಸಾಹಸವಲ್ಲ. ಹಕ್ಕಿಗೆ ದನಿ ಹುಟ್ಟುವುದು ಶ್ವಾಸನಾಳದ ತಳದಲ್ಲಿರುವ ಧ್ವನಿಪೆಟ್ಟಿಗೆಯಲ್ಲಿ. ಅದನ್ನು ತಿದ್ದಿ ತೀಡುವುದರಲ್ಲಿ ಗಿಣಿಯ ದಪ್ಪ ನಾಲಿಗೆಗೂ ಪಾಲಿದೆ. ನಾಲಿಗೆ ಕೊಂಚ ಹೊರಳಿದರೂ ಸ್ವರ ಬದಲಾಗುತ್ತದೆಂದು 2004ರಲ್ಲಿ ಮಂಕ್ ಗಿಣಿಗಳ ಮೇಲಿನ ಪ್ರಯೋಗ ತೋರಿಸಿತು. ಅಂದಮೇಲೆ ಮಾತು ಸ್ಪಷ್ಟವಾಗಲೆಂದು ನಾಲಿಗೆಯನ್ನು ಕೆರೆಯುವುದು, ಕತ್ತರಿಸುವುದು ಬರೀ ಕ್ರೌರ್ಯ. ಮೆಣಸಿನಕಾಯಿ ತಿಂದರೆ ನಾಲಿಗೆ ತಿರುಗುತ್ತದೆ ಎಂಬುದಕ್ಕೂ ಆಧಾರವಿಲ್ಲ. ಹಕ್ಕಿಗಳಿಗೆ ಮೆಣಸಿನ ಖಾರವೇ ತಟ್ಟುವುದಿಲ್ಲ. ಹಾಲನ್ನ ಕಲಸಿ ತಿನ್ನಿಸುವ ರೂಢಿಯಂತೂ ಕೆಟ್ಟದ್ದು, ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಶಕ್ತಿ ಹಕ್ಕಿಯ ಹೊಟ್ಟೆಗಿಲ್ಲ.

ಗಿಣಿ ಮಾತು ಕಲಿಯುವುದು ಯಂತ್ರದಂತೆ ಅಲ್ಲ ಎಂಬುದಕ್ಕೆ ಅಲೆಕ್ಸ್ ಸಾಕ್ಷಿ. 1977ರಲ್ಲಿ ಐರೀನ್ ಪೆಪ್ಪರ್‌ಬರ್ಗ್ ಅಂಗಡಿಯಿಂದ ತಂದ ಆಫ್ರಿಕಾದ ಬೂದುಗಿಣಿ ಅದು. 2007ರಲ್ಲಿ ಸಾಯುವ ಹೊತ್ತಿಗೆ ನೂರಕ್ಕೂ ಹೆಚ್ಚು ಪದಗಳನ್ನು ವಸ್ತು, ಬಣ್ಣ, ಆಕಾರಗಳಿಗೆ ಹೊಂದಿಸಿ ಬಳಸುತ್ತಿತ್ತು. ಪಾಠದ ವಿಧಾನ ಸರಳ. ಇಬ್ಬರು ಗಿಣಿಯೆದುರು ಕೂತು ಒಬ್ಬರನ್ನೊಬ್ಬರು ಕೇಳುತ್ತ, ಉತ್ತರಿಸುತ್ತ, ವಸ್ತುವನ್ನು ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಅದೇ ಪ್ರಯೋಗಾಲಯದಲ್ಲಿ ಬರೀ ಟೇಪು ಕೇಳಿಸಿದಾಗ ಬೂದುಗಿಣಿಗಳು ಪದಗಳನ್ನು ಕಲಿಯಲಿಲ್ಲ. ಮೊಬೈಲಿನಲ್ಲಿ ‘ಗಿಣಿರಾಮ’ ಎಂದು ದಿನವಿಡೀ ಹಾಕಿಟ್ಟು ಕೆಲಸಕ್ಕೆ ಹೋಗುವವರು ಇದನ್ನು ಗಮನಿಸಬೇಕು. ಹಕ್ಕಿಗೆ ಬೇಕಿರುವುದು ಸದ್ದಲ್ಲ, ಜೊತೆ. ಕಾಡಿನಲ್ಲಿ ಹಿಂಡಿನ ಕೂಗು ಕಲಿತು ಹಿಂಡಿನವನಾಗುವ ಬುದ್ಧಿಯೇ ಪಂಜರದಲ್ಲಿ ಮನೆಯವರ ಮಾತಿನ ಬೆನ್ನು ಹತ್ತುತ್ತದೆ. ಒಂಟಿ ಗಿಣಿ ‘ಊಟ ಆಯ್ತಾ’ ಎಂದಾಗ ಅದು ಕೇಳುತ್ತಿರುವುದು ಊಟದ ಸುದ್ದಿಯನ್ನಲ್ಲ, ಯಾರಾದರೂ ಮರುದನಿ ಕೊಡುತ್ತಾರೋ ಎಂದು.

ಕನ್ನಡ ಓದುಗರಿಗೆ ಗೊತ್ತಿರುವ ಅತ್ಯಂತ ಪ್ರಸಿದ್ಧ ಮಾತುಗಾರ ಗಿಣಿ ವೈಶಂಪಾಯನ. ಬಾಣನ ಕಾದಂಬರಿಯನ್ನು ಒಂದನೆಯ ನಾಗವರ್ಮ ಕನ್ನಡಕ್ಕೆ ತಂದದ್ದರಿಂದ ಅದು ನಮ್ಮದೂ ಆಯಿತು. ಅದರ ವಾಕ್ಚಾತುರ್ಯಕ್ಕೆ ಮರುಳಾಗುವವರು ಅದರ ಬಾಲ್ಯವನ್ನು ಮರೆಯುತ್ತಾರೆ. ಬೇಡನೊಬ್ಬ ಬೂರುಗದ ಮರ ಹತ್ತಿ ಪೊಟರೆಪೊಟರೆಗೆ ಕೈಹಾಕಿ ಗಿಣಿಗಳನ್ನು ಕೊಂದು ಬಿಸಾಡುತ್ತಾನೆ. ಮುದಿ ತಂದೆ ರೆಕ್ಕೆಯಡಿ ಬಚ್ಚಿಟ್ಟುಕೊಂಡದ್ದರಿಂದ ಮರಿ ಉಳಿಯುತ್ತದೆ. ಮುಂದೆ ಅದು ರಾಜಸಭೆಗೆ ಬರುವುದು ಪಂಜರದಲ್ಲಿ. ಕವಿಗೆ ಆ ಏಣಿ, ಆ ಕೈ ಕಂಡಿದ್ದವು.

ಕಾನೂನಿಗೂ ಕಂಡಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ನಾಡಿನ ಗಿಣಿಗಳನ್ನು ಹಿಡಿಯುವುದನ್ನು, ಮಾರುವುದನ್ನು ಅಪರಾಧವೆನ್ನುತ್ತದೆ. 2022ರ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಮೇಲೆ ಸಾಮಾನ್ಯ ಗಿಣಿ ಎರಡನೇ ಅನುಸೂಚಿಯಲ್ಲಿದೆ. ದಂಡ ಒಂದು ಲಕ್ಷ ರೂಪಾಯಿವರೆಗೆ ಏರಬಹುದು, ಜೈಲೂ ಇದೆ. ಗಿಣಿಶಾಸ್ತ್ರದ ಪಂಜರಕ್ಕೂ ವಿನಾಯಿತಿಯಿಲ್ಲ. ಆದರೂ ಜಗುಲಿಯ ಪಂಜರವನ್ನು ಅಪರಾಧವೆಂದು ಎಣಿಸುವವರು ವಿರಳ. ಜೈಲಿನ ಹೆದರಿಕೆಗಿಂತ ಪೊಟರೆಯೊಳಗಿನ ಪಾಠ ಅರ್ಥವಾದರೆ ಹೆಚ್ಚು ಮನೆಗಳು ಬದಲಾದಾವು. ಮಾತು ಕಲಿಯಲು ಅತ್ಯಂತ ಎಳೆಯ ಮರಿಯೇ ಬೇಕೆಂದು ಕೇಳುವುದೆಂದರೆ, ತನ್ನವರಿಂದ ತನ್ನ ಕೂಗು ಕಲಿಯುತ್ತಿರುವ ಮರಿಯೇ ಬೇಕೆಂದು ಕೇಳಿದಂತೆ.

ಮಾತಾಡುವ ಹಕ್ಕಿ ಬೇಕೇಬೇಕು ಎನ್ನುವ ಮನೆಗೆ ಬೇರೆ ದಾರಿಯಿದೆ. ನಮ್ಮ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಆಸ್ಟ್ರೇಲಿಯಾ ಮೂಲದ ಬಜರಿಗರ್‌ಗಳು ಪಂಜರದಲ್ಲೇ ತಲೆಮಾರುಗಳಿಂದ ಹುಟ್ಟಿ ಬೆಳೆದವು. ಕ್ಯಾಲಿಫೋರ್ನಿಯಾದ ಪಕ್ ಎಂಬ ಬಜರಿಗರ್ 1,728 ಪದಗಳೊಂದಿಗೆ ಗಿನ್ನೆಸ್ ದಾಖಲೆ ಸೇರಿತ್ತು. ಈಗಾಗಲೇ ನಾಡಗಿಣಿ ಸಾಕುತ್ತಿರುವವರು ರಾತ್ರೋರಾತ್ರಿ ಪಂಜರದ ಬಾಗಿಲು ತೆರೆದು ಪುಣ್ಯ ಕಟ್ಟಿಕೊಳ್ಳಬಾರದು. ಹಾರುವ ಬಲವಿಲ್ಲದ, ಬೆಕ್ಕು–ಗಿಡುಗನ ಭಯ ಅರಿಯದ ಹಕ್ಕಿ ಎರಡು ದಿನ ಬಾಳುವುದೂ ಕಷ್ಟ. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು. 1926ಕ್ಕೆ ಕರೆ ಮಾಡಿದರೂ ಆದೀತು. ಹೀಗೆ ತಾನಾಗಿ ಬಂದವರನ್ನು ಆರೋಪಿಯಂತೆ ನಡೆಸಿಕೊಳ್ಳದೆ ಇಲಾಖೆಯೂ ಮೃದುವಾಗಬೇಕು, ಇಲ್ಲವಾದರೆ ಪಂಜರಗಳು ಜಗುಲಿಯಿಂದ ಹಿತ್ತಲಿಗೆ ಸರಿಯುತ್ತವೆ ಅಷ್ಟೆ.

ತೋಟದವರು ಮಾಡಬಹುದಾದ ಕೆಲಸ ಇನ್ನೂ ಸುಲಭ. ಚನ್ನರಾಯಪಟ್ಟಣದ ಕಡೆ ಮೊಂಡು ತೆಂಗನ್ನು ಕಡಿಯುವ ಮುನ್ನ ತೂತಿದೆಯೇ ಎಂದು ತಲೆಯೆತ್ತಿ ನೋಡಿ, ಮನೆಗಾಗಲೀ ದಾರಿಗಾಗಲೀ ಅಪಾಯವಿಲ್ಲದಿದ್ದರೆ ಮಳೆಗಾಲದವರೆಗೆ ಹಾಗೇ ಬಿಡಬಹುದು. ಬೇಸಿಗೆಯ ಬೆಳಗ್ಗೆ ಅದರ ಬುಡದಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತರೆ, ಮೇವು ತಂದ ಹಕ್ಕಿ ಹೊರಗಿನಿಂದ ಒಮ್ಮೆ ಕರೆಯುವುದೂ ಒಳಗಿನಿಂದ ತೊದಲು ದನಿಗಳು ಓಗೊಡುವುದೂ ಕೇಳುತ್ತವೆ.