ಬೋಟು ಹಳೇದಲ್ಲ ಸ್ವಾಮಿ, ಪೆಟ್ರೋಲು ಹಳೇದು

ಜೂನ್ ಬಂತೆಂದರೆ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಒಂದು ಫೋಟೊ ತಪ್ಪದೆ ಬರುತ್ತದೆ. ಕೆರೆ ದಂಡೆ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ಅಧಿಕಾರಿಗಳು, ನಡುವೆ ರಬ್ಬರ್ ಬೋಟು. ಶೀರ್ಷಿಕೆ ‘ಪ್ರವಾಹ ಎದುರಿಸಲು ಸಕಲ ಸಿದ್ಧತೆ’. ಆಗಸ್ಟ್‌ನಲ್ಲಿ ‘ಕೈಕೊಟ್ಟ ಬೋಟು’. ನೀರಿಳಿದ ಮೇಲೆ ‘ಹಳೇ ಬೋಟುಗಳ ಬದಲು ಆಧುನಿಕ ಜೆಟ್ ಬೋಟು ಖರೀದಿಗೆ ಪ್ರಸ್ತಾವ’. ಮೂರೂ ಸುದ್ದಿ ಒಂದೇ ಕಡತದ್ದು. ಆದರೆ ಮೂರನ್ನೂ ಒಟ್ಟಿಗಿಟ್ಟು ಓದುವ ಪುರುಸೊತ್ತು ಡೆಸ್ಕ್‌ನವರಿಗೆ ಇಲ್ಲ.

ನಾನು ಕಂಡದ್ದನ್ನೇ ಹೇಳುತ್ತೇನೆ. ಊರಿನ ಹೆಸರು ಬೇಡ, ಇಲಾಖೆಯ ಹೆಸರೂ ಬೇಡ. ಬರೆದರೆ ಮೊದಲು ಕೆಲಸ ಹೋಗುವುದು ಅಂದು ಇಂಜಿನ್ ಹಗ್ಗ ಎಳೆದ ದಿನಗೂಲಿ ಹುಡುಗನದು.

ಹೊಳೆ ಹೊಲ ದಾಟಿ ತೋಟದ ವಸ್ತಿಗಳನ್ನು ಸುತ್ತಿತ್ತು. ಎಮ್ಮೆ ಬಿಟ್ಟು ಬರಲೊಲ್ಲದೆ ಉಳಿದ ಒಂದು ಮನೆಯವರು ಮಾಳಿಗೆ ಏರಿ ಕೂತಿದ್ದರು, ಅವರಲ್ಲಿ ಒಬ್ಬಳು ಹಸಿ ಬಾಣಂತಿ. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಬೋಟು ಬಂತು, ನೀರಿಗೂ ಇಳಿಯಿತು. ಇಂಜಿನ್ ಮಾತ್ರ ಏಳಲಿಲ್ಲ. ಹುಡುಗ ಎಳೆದ, ಎಳೆದ, ರಟ್ಟೆ ಬೀಳುವವರೆಗೆ ಎಳೆದ. ಒಂದೂವರೆ ತಾಸಿನ ಬಳಿಕ ಪಕ್ಕದೂರಿನ ಅಂಬಿಗರ ಅಜ್ಜ ಹರಿಗೋಲು ತಂದು ಎರಡು ಸರತಿಯಲ್ಲಿ ಐವರನ್ನೂ ದಡ ಮುಟ್ಟಿಸಿದ. ಕೇಳಿದರೆ ಸಾಹೇಬರ ಉತ್ತರ: “ಇಂಜಿನ್ ಹಳೇದಾಗೇತ್ರೀ, ಹನ್ನೊಂದು ವರ್ಷ ಆತು.” ಅಜ್ಜನಿಗೆ ಎಪ್ಪತ್ತು ದಾಟಿದೆ.

ಮರುದಿನ ಅದೇ ಇಂಜಿನ್ ಪಟ್ಟಣದ ಪಂಪ್‌ಸೆಟ್ ಮೇಸ್ತ್ರಿ ಕೈಗೆ ಹೋಯಿತು. ಪಕ್ಕದಲ್ಲೇ ನಿಂತು ನೋಡಿದೆ. ಕಾರ್ಬೊರೇಟರ್ ತಳ ಬಿಚ್ಚಿದರೆ ಒಳಗೆ ಜೇನಿನ ಬಣ್ಣದ ಅಂಟು. ವರ್ಷದಿಂದ ಟ್ಯಾಂಕ್‌ನಲ್ಲಿದ್ದ ಆಯಿಲ್ ಮಿಶ್ರಿತ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ಗೋಂದಾಗಿತ್ತು. ಎರಡು ಹೊಸ ಪ್ಲಗ್, ಒಂದಡಿ ಪೈಪ್, ಹೊಸ ಪೆಟ್ರೋಲು. ಮುಕ್ಕಾಲು ತಾಸಿನಲ್ಲಿ ಇಂಜಿನ್ ನೀರಿನ ಡ್ರಮ್ಮಿನಲ್ಲಿ ಗುಡುಗುತ್ತಿತ್ತು. ಹನ್ನೊಂದು ವರ್ಷದ ಮುಪ್ಪು ಎಲ್ಲಿ ಹೋಯಿತೋ!

ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್‌ ಜತೆ ಸೇರಿ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಇಂಜಿನ್‌ಗೆ ಹೋಗುವ ಪೈಪ್ ಹೀರುವುದೂ ತಳದಿಂದಲೇ. ನಮ್ಮದೇ ಹೊಲದ ಕಬ್ಬು ಕಾರ್ಖಾನೆಗೆ ಹೋಗಿ ಎಥೆನಾಲ್ ಆಗಿ, ಆ ಕಬ್ಬಿನ ಹೊಲ ಮುಳುಗಿದ ದಿನ ಬೋಟಿನ ಗಂಟಲು ಕಟ್ಟುತ್ತಿದೆ. ಹಾಗೆಂದು ಎಥೆನಾಲನ್ನು ಬೈದು ಫಲವಿಲ್ಲ. ಮಳೆಗಾಲ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದನ್ನೂ ಬಸಿದು ಇಡಬೇಕು. ಅಷ್ಟೇ ಕೆಲಸ.

ಇಂಜಿನ್ ಏಳದಿದ್ದರೆ ಹಗ್ಗ ಎಳೆಯುತ್ತಲೇ ಇರುವುದು ಪರೀಕ್ಷೆಯಲ್ಲ. ಮೊದಲು ಕೆಂಪು ಸುರುಳಿ ದಾರದ ಕ್ಲಿಪ್ ನೋಡಬೇಕು. ಓಡಿಸುವವ ನೀರಿಗೆ ಬಿದ್ದರೆ ಇಂಜಿನ್ ನಿಲ್ಲಲೆಂದು ಇಟ್ಟದ್ದು ಅದು. ಜಾಗದಲ್ಲಿ ಇಲ್ಲದಿದ್ದರೆ ಪ್ಲಗ್‌ಗೆ ಕರೆಂಟೇ ಹೋಗದು. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿ ಇದೆಯೇ ಎಂದು. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಬಿಗಿಯಾಗಿದ್ದರೆ ಎದ್ದ ಇಂಜಿನ್ನೂ ಸ್ವಲ್ಪ ಹೊತ್ತಿಗೆ, ಅಂದರೆ ಸರಿಯಾಗಿ ನಡುಹೊಳೆಯಲ್ಲಿ, ಉಸಿರುಗಟ್ಟಿ ನಿಲ್ಲುತ್ತದೆ. ಪೈಪಿನ ನಡುವಿನ ರಬ್ಬರ್ ಉಂಡೆಯನ್ನು ಗಟ್ಟಿಯಾಗುವವರೆಗೆ ಹಿಚುಕಬೇಕು, ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಬಳಿಕ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಒದ್ದೆಯಿದ್ದರೆ ಪೆಟ್ರೋಲಿದೆ, ಹೊತ್ತಿಕೊಳ್ಳುತ್ತಿಲ್ಲ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಮೈಯನ್ನು ಇಂಜಿನ್ ಲೋಹಕ್ಕೆ ಭದ್ರವಾಗಿ ತಾಗಿಸಿ, ಪೆಟ್ರೋಲು ಚೆಲ್ಲಿದ ಕಡೆಯಿಂದ ದೂರ ಹಿಡಿದು ಎಳೆದರೆ ನೀಲಿ ಕಿಡಿ ಚಟ್ಟೆನ್ನಬೇಕು. ಹಳೇ ಟಿವಿಎಸ್ ಮೊಪೆಡ್ ಓಡಿಸಿದ ಯಾವ ಹಾಲಿನವನಿಗೂ ಇದು ಗೊತ್ತು.

ಸೆಲ್ಫ್ ಇರುವ ಇಂಜಿನ್‌ಗಳದ್ದು ಬೇರೆಯೇ ಕಥೆ. ಗುಂಡಿ ಒತ್ತಿದರೆ ಟಕ್ ಎಂದು ಸುಮ್ಮನಾಗುತ್ತದೆ. ಬ್ಯಾಟರಿ ಸತ್ತಿದೆ, ಇಲ್ಲವೇ ಟರ್ಮಿನಲ್‌ಗೆ ಹಸಿರು ಹಿಡಿದಿದೆ, ಇಲ್ಲವೇ ಬ್ಯಾಟರಿ ಕಚೇರಿಯ ಜೀಪಿಗೆ ಹೋಗಿದೆ. ನಗಬೇಡಿ.

‘ಹಳೇದು’ ಎಂಬ ವಾದ ಎಷ್ಟು ಪೊಳ್ಳು ಎಂದು ತಿಳಿಯಲು ಕರಾವಳಿಗೆ ಹೋಗಿ ನೋಡಿ. ನಾಡದೋಣಿಯವರು ಔಟ್‌ಬೋರ್ಡ್ ಇಂಜಿನ್ನನ್ನು ಪೆಟ್ರೋಲಿನಲ್ಲಿ ಎಬ್ಬಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹಾಕಿ ಓಡಿಸುತ್ತಾರೆ. ಹೊಗೆ, ಮಸಿ, ಮೇಲೆ ಉಪ್ಪುನೀರು. ಆದರೂ ಅವು ಓಡುತ್ತವೆ, ಏಕೆಂದರೆ ಓಡದ ದಿನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ನಮ್ಮ ಗೋದಾಮಿನ ಇಂಜಿನ್ ವರ್ಷದ 11 ತಿಂಗಳು ತಾಡಪತ್ರಿ ಕೆಳಗೆ ಮಲಗಿರುತ್ತದೆ, ಅದು ಏಳದಿದ್ದರೆ ಯಾರ ಸಂಬಳವೂ ನಿಲ್ಲುವುದಿಲ್ಲ.

ಇನ್ನು ಜೆಟ್ ಬೋಟು. ಅದರ ಮೇಲೆ ನನಗೆ ಹಗೆಯಿಲ್ಲ. 1950ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ ತಮ್ಮ ಸೀಮೆಯ ಕಲ್ಲುಹಾಸಿನ, ತೆಳುನೀರಿನ ಹೊಳೆಗಳಿಗಾಗಿ ಅದನ್ನು ರೂಪಿಸಿದರು. ಎಡ್ಮಂಡ್ ಹಿಲರಿ 1977ರಲ್ಲಿ ಅಂಥ ಬೋಟುಗಳಲ್ಲೇ ಸಮುದ್ರದಿಂದ ಗಂಗೆಗುಂಟ ನಂದಪ್ರಯಾಗದ ಹತ್ತಿರದವರೆಗೆ ಏರಿ ಹೋದರು. ಹೊರಗೆ ತಿರುಗುವ ರೆಕ್ಕೆ ಇಲ್ಲ, ಮುಳುಗಿದ ತಂತಿಬೇಲಿಗೆ ಸಿಕ್ಕುವ ಭಯ ಕಡಿಮೆ. ಒಪ್ಪಿದೆ. ಆದರೆ ಜೆಟ್ ಬಾಯಿಂದ ನೀರು ಹೀರುತ್ತದೆ, ನಮ್ಮ ನೆರೆಯಲ್ಲಿ ತೇಲಿ ಬರುವುದು ಕಬ್ಬಿನ ರವದಿ, ಕಣಿಕೆ, ಪ್ಲಾಸ್ಟಿಕ್. ಅದರ ಜಾಲರಿ ಕಟ್ಟಿಕೊಂಡರೆ ಬಿಡಿಸುವವರು ಯಾರು? ಹಲವು ಹಳೇ ಮಾದರಿಗಳಲ್ಲಿ ಇಂಜಿನ್ನಿಗೂ ಪಂಪಿಗೂ ನೇರ ಜೋಡಣೆ, ನ್ಯೂಟ್ರಲ್ ಎಂಬುದೇ ಇಲ್ಲ. ಪಂಪಿನಲ್ಲಿ ಕಸವೋ ಮರಳೋ ಸಿಕ್ಕಿದ್ದರೆ ಸ್ಟಾರ್ಟರ್ ತಿಣುಕುತ್ತದೆ, ನಾವು ಬ್ಯಾಟರಿಯನ್ನು ಬೈಯುತ್ತೇವೆ.

ಒಡಲೊಳಗೆ ಪೆಟ್ರೋಲ್ ಇಂಜಿನ್ ಇರುವ ಬೋಟಿನಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ನಾಲ್ಕಾರು ನಿಮಿಷ ಬ್ಲೋವರ್ ಹಾಕಿ ಆವಿ ಹೊರಹಾಕದೆ ಕೀಲಿ ತಿರುಗಿಸಿದರೆ ಬೋಟೇ ಸಿಡಿಯಬಹುದು. ಅದಕ್ಕೇ ಬೋಟಿನ ಸ್ಟಾರ್ಟರ್, ಆಲ್ಟರ್ನೇಟರ್‌ಗಳು ಕಿಡಿ ಹೊರಬಾರದಂತೆ ಮುಚ್ಚಿದ ಮಾದರಿಯವು. ‘ಸೇಮ್ ಐತಿ’ ಎಂದು ಆಟೊ ಎಲೆಕ್ಟ್ರಿಕಲ್ ಅಂಗಡಿಯಿಂದ ಕಾರಿನದ್ದು ತಂದು ಕೂರಿಸಿದರೆ ನೋಡಲು ವ್ಯತ್ಯಾಸವಿಲ್ಲ, ಸಿಡಿದಾಗ ತಿಳಿಯುತ್ತದೆ. ಹಗ್ಗದ ಇಂಜಿನ್ ನೋಡಿಕೊಳ್ಳಲಾರದವರ ಕೈಗೆ ಇದನ್ನು ಕೊಡುತ್ತೀರಾ?

ಕಚೇರಿಯ ಗುಮಾಸ್ತರೊಬ್ಬರು ಚಹಾ ಕುಡಿಯುತ್ತ ಗುಟ್ಟು ಬಿಚ್ಚಿದರು: “ಖರೀದಿಗೆ ಹೆಡ್ ಐತ್ರೀ, ಪ್ಲಗ್ ತರಾಕ ಹೆಡ್ ಇಲ್ಲ.” ಹೊಸ ಬೋಟಿಗೆ ಟೆಂಡರ್ ಇದೆ, ಪೂಜೆ ಇದೆ, ರಿಬ್ಬನ್ ಇದೆ, ಫೋಟೊ ಇದೆ. ಹದಿನೈದು ದಿನಕ್ಕೊಮ್ಮೆ ಇಂಜಿನ್ನಿನ ಕಾಲನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಹತ್ತು ನಿಮಿಷ ಓಡಿಸುವ ಕೆಲಸಕ್ಕೆ ಇದ್ಯಾವುದೂ ಇಲ್ಲ. ನೀರಿಲ್ಲದೆ ಓಡಿಸಿದರೆ ತಂಪುಮಾಡುವ ಪಂಪಿನ ರಬ್ಬರ್ ಚಕ್ರ ಸುಟ್ಟು ಹೋಗುತ್ತದೆಂದು ಆ ದಿನಗೂಲಿ ಹುಡುಗನಿಗೆ ಯಾರೂ ಹೇಳಿಲ್ಲ. ಅವನ ತರಬೇತಿ ಅರ್ಧ ದಿನದ್ದು, ಅದರಲ್ಲೂ ಕಾಲು ಭಾಗ ಸ್ವಾಗತ ಭಾಷಣ.

ನಮ್ಮ ಬಳಗದವರು ರಾಜ್ಯದ ಹತ್ತಾರು ತಾಲ್ಲೂಕುಗಳಲ್ಲಿ ಇದ್ದೀರಿ. ಮೇ ಕೊನೆಯೊಳಗೆ ನಿಮ್ಮಲ್ಲಿನ ಬೋಟು ನೋಡಿ ಬನ್ನಿ. ಫೋಟೊ ತೆಗೆಯಬೇಡಿ, ನಿಂತ ಇಂಜಿನ್ನೂ ಫೋಟೊದಲ್ಲಿ ಚೆಂದವೇ ಕಾಣುತ್ತದೆ. ನಿಮ್ಮೆದುರೇ ಸ್ಟಾರ್ಟ್ ಮಾಡಲು ಹೇಳಿ, ಸದ್ದಿನ ಸಮೇತ ವಿಡಿಯೊ ಮಾಡಿ. ಎಷ್ಟನೇ ಎಳೆತಕ್ಕೆ ಎದ್ದಿತು, ಕೊನೆಯ ಬಾರಿ ಓಡಿಸಿದ್ದು ಯಾವಾಗ, ಟ್ಯಾಂಕಿನಲ್ಲಿರುವ ಪೆಟ್ರೋಲು ಯಾವ ತಿಂಗಳದ್ದು, ಬರೆದುಕೊಳ್ಳಿ. ಗೋದಾಮಿನ ಕೀಲಿ ಯಾರ ಹತ್ತಿರ ಇದೆ, ರಾತ್ರಿ ಎರಡಕ್ಕೆ ಅವರು ಫೋನ್ ಎತ್ತುತ್ತಾರೆಯೇ ಎಂಬುದನ್ನೂ.